ಪುಟವೇನೋ ತೆರೆದಿದ್ದೇವೆ, ನೋಡುವವರೇ ಇಲ್ಲ

ಸಂಘ-ಸಂಸ್ಥೆಗಳು ಸಾಮಾಜಿಕ ಜಾಲತಾಣಗಳನ್ನು ತಮ್ಮ ಪ್ರಚಾರಕ್ಕೆ ಬಳಸಿಕೊಳ್ಳುವ ಬಗೆಯನ್ನು ಕುರಿತು ಪ್ರಶ್ನೆಗಳನ್ನು ಕಳುಹಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ಬಂದ ಪತ್ರಗಳ ಪೈಕಿ ಏಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಮೊದಲನೆಯ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಹಲವರು ಕೇಳಿರುವುದರಿಂದ ಅದರ ಉತ್ತರ ಉಳಿದವುಗಳಿಗಿಂತ ಉದ್ದವಾಗಿದೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮದು ಹನ್ನೆರಡು ಮಹಿಳೆಯರ ಸ್ವಸಹಾಯ ಸಂಘ. ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇವೆ. ನಾಲ್ಕು ವರ್ಷದ ಹಿಂದೆ ಫೇಸ್‌ಬುಕ್ ಪುಟ ತೆರೆದೆವು. ಮೂರು ಸಾವಿರ ಲೈಕ್ ಇದ್ದರೂ ಪೋಸ್ಟ್ ಹಾಕಿದಾಗ ಅರವತ್ತು ಎಪ್ಪತ್ತು ಜನರಿಗಷ್ಟೇ ತಲುಪಿತೆಂದು ತೋರಿಸುತ್ತದೆ. ಪುಟದ ಮೂಲಕ ಒಂದು ಆರ್ಡರೂ ಬಂದಿಲ್ಲ. ನಮ್ಮಿಂದ ಏನು ತಪ್ಪಾಗಿದೆ?
— ಸಂಘದ ಅಧ್ಯಕ್ಷೆ, ಶಿರಸಿ ತಾಲ್ಲೂಕು

ಉತ್ತರ: ತಪ್ಪಿನಲ್ಲಿ ಅರ್ಧ ಪಾಲು ನಿಮ್ಮದಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಫೇಸ್‌ಬುಕ್ 2007ರಲ್ಲಿ ಸಂಸ್ಥೆಗಳಿಗೂ ಅಂಗಡಿಗಳಿಗೂ ಪುಟ ತೆರೆಯುವ ಅವಕಾಶ ಕೊಟ್ಟ ಹೊಸತರಲ್ಲಿ, ಪುಟವನ್ನು ಮೆಚ್ಚಿದವರಿಗೆ ಅಲ್ಲಿ ಹಾಕಿದ್ದು ಈಗಿಗಿಂತ ಸುಲಭವಾಗಿ ತಲುಪುತ್ತಿತ್ತು. ಪುಟಗಳ ಸಂಖ್ಯೆ ಬೆಳೆದಂತೆ ನೋಡುವವನ ಪರದೆಯಲ್ಲಿ ಜಾಗ ಸಾಲದಾಯಿತು. 2018ರ ಜನವರಿಯಲ್ಲಿ ಕಂಪನಿಯ ಮುಖ್ಯಸ್ಥ ಮಾರ್ಕ್ ಝುಕರ್‌ಬರ್ಗ್ ಅವರೇ, ಇನ್ನು ಮುಂದೆ ಗೆಳೆಯರು ಮತ್ತು ಮನೆಯವರ ಪೋಸ್ಟ್‌ಗಳಿಗೆ ಮೊದಲ ಮಣೆ, ವ್ಯಾಪಾರಿ ಸಂಸ್ಥೆಗಳ ಮತ್ತು ಮಾಧ್ಯಮಗಳ ಪೋಸ್ಟ್‌ಗಳು ಹಿಂದಕ್ಕೆ ಸರಿಯುತ್ತವೆ ಎಂದು ಸಾರಿದರು. ಹಿಂದೆ ಸರಿದದ್ದು ಮುಂದೆ ಬರಬೇಕೆಂದರೆ ಒಂದೋ ಜನರೇ ಅದನ್ನು ಹಂಚಬೇಕು, ಇಲ್ಲವೇ ನೀವು ಹಣ ಕಟ್ಟಬೇಕು. ಆ ಕಂಪನಿಯ ವರಮಾನದ ಬಹುಪಾಲು ಜಾಹೀರಾತಿನಿಂದಲೇ ಬರುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಇದರಲ್ಲಿ ಅಚ್ಚರಿಪಡುವಂಥದ್ದು ಏನೂ ಇಲ್ಲ. ಹಾಗಾಗಿ ಮೂರು ಸಾವಿರ ಲೈಕ್ ಎಂದರೆ, ಊಟಕ್ಕೆ ಕರೆದಾಗ ‘ಬರುತ್ತೇವೆ’ ಎಂದವರ ಲೆಕ್ಕ ಎಂದು ತಿಳಿಯಿರಿ. ಎಲೆ ಹಾಕುವ ಹೊತ್ತಿಗೆ ಎಷ್ಟು ಜನ ಕೂತಿರುತ್ತಾರೆ ಎಂಬುದು ಬೇರೆಯೇ ಲೆಕ್ಕ.

ಇನ್ನರ್ಧ ನಿಮ್ಮದು. ನಿಮ್ಮ ಪುಟದಲ್ಲಿ ಒಂದು ಸಂಜೆ ಕೂತು ನಲವತ್ತು ಪೋಸ್ಟ್‌ಗಳನ್ನು ನೋಡಿದೆ. ಅವುಗಳಲ್ಲಿ ಹೆಚ್ಚಿನವು ಹಬ್ಬದ ಶುಭಾಶಯಗಳು. ಯುಗಾದಿಯಿಂದ ದೀಪಾವಳಿಯವರೆಗೆ ಒಂದನ್ನೂ ಬಿಟ್ಟಿಲ್ಲ. ಆರೇಳು ಕಡೆ ಶಾಲು, ಹಾರ, ಹಣ್ಣಿನ ಬುಟ್ಟಿಯ ಸನ್ಮಾನದ ಚಿತ್ರಗಳಿವೆ. ನಾಲ್ಕು ಕಡೆ ಪ್ಯಾಕೆಟ್‌ಗಳನ್ನು ಸಾಲಾಗಿ ಜೋಡಿಸಿ ತೆಗೆದ ಚಿತ್ರವಿದೆ, ಆದರೆ ಬೆಲೆಯೂ ಇಲ್ಲ, ತೂಕವೂ ಇಲ್ಲ. ಇವೆಲ್ಲದರ ನಡುವೆ ಒಂದೇ ಒಂದು ಸಣ್ಣ ವಿಡಿಯೊ ಕಣ್ಣಿಗೆ ಬಿತ್ತು. ಸಂಘದ ಹಿರಿಯ ಸದಸ್ಯೆಯೊಬ್ಬರು ಬೇಯಿಸಿ ರುಬ್ಬಿದ ಹಲಸಿನ ತೊಳೆಯ ಉಂಡೆಯನ್ನು ಎರಡು ಬಾಳೆಲೆಯ ನಡುವೆ ಇಟ್ಟು ಒತ್ತುತ್ತಾರೆ. ಮೇಲಿನ ಎಲೆಯನ್ನು ಮೆಲ್ಲಗೆ ಸುಲಿದಾಗ ಹಪ್ಪಳ ಹುಣ್ಣಿಮೆಯ ಚಂದ್ರನ ಹಾಗೆ ದುಂಡಗೆ ಎದ್ದು ಬರುತ್ತದೆ. ಹಿಂದೆ ಅಂಗಳದಲ್ಲಿ ಚಾಪೆಯ ತುಂಬ ಹಪ್ಪಳ ಒಣಗುತ್ತಿದೆ, ಕಾಗೆ ಓಡಿಸಲು ಕೋಲು ಹಿಡಿದ ಮಗು ನಿದ್ದೆಗಣ್ಣಿನಲ್ಲಿ ಕೂತಿದೆ. ನಿಮ್ಮ ಪುಟದಲ್ಲಿ ಊರ ಹೊರಗಿನವರೂ ಹಂಚಿಕೊಂಡಿರುವುದು ಅದೊಂದನ್ನೇ. ಅದರ ಕೆಳಗೆ ಮೂರು ಜನ ಕೇಳಿದ್ದಾರೆ: ಬೆಂಗಳೂರಿಗೆ ಕಳಿಸುತ್ತೀರಾ, ನೂರಕ್ಕೆ ಎಷ್ಟು, ಖಾರದ್ದು ಇದೆಯೇ ಎಂದು. ಎರಡು ವರ್ಷದ ಹಿಂದೆ ಕೇಳಿದ ಆ ಪ್ರಶ್ನೆಗಳಿಗೆ ಇಂದಿಗೂ ಉತ್ತರವಿಲ್ಲ. ಆರ್ಡರ್ ಬಂದಿಲ್ಲ ಎಂದು ಬರೆದಿದ್ದೀರಿ, ಅಧ್ಯಕ್ಷರೇ. ಬಂದಿತ್ತು, ಬಾಗಿಲು ತೆಗೆಯುವವರಿರಲಿಲ್ಲ.

ನನಗೆ ಕಂಡಂತೆ ಸಂಸ್ಥೆಗಳು ಎಡವುವುದು ಇಲ್ಲಿಯೇ. ಪುಟವನ್ನು ಧ್ವನಿವರ್ಧಕ ಕಟ್ಟಿದ ರಿಕ್ಷಾದಂತೆ ಬಳಸುತ್ತಾರೆ: ಕೂಗಿಕೊಂಡು ಹೋದರೆ ಕೆಲಸ ಮುಗಿಯಿತು. ಎದುರಿಗಿದ್ದವರು ಮರುಮಾತಾಡಬಹುದು ಎಂಬುದು ಈ ಮಾಧ್ಯಮದ ದೊಡ್ಡ ಅನುಕೂಲ. ಅದನ್ನೇ ಕೈಬಿಟ್ಟರೆ ಗೋಡೆಗೆ ಭಿತ್ತಿಪತ್ರ ಅಂಟಿಸುವುದೇ ಅಗ್ಗ. ಆದ್ದರಿಂದ ಸದಸ್ಯೆಯರಲ್ಲಿ ಒಬ್ಬರಿಗೆ ದಿನಕ್ಕೆ ಅರ್ಧ ಗಂಟೆ ಕಮೆಂಟು ಮತ್ತು ಸಂದೇಶಗಳಿಗೆ ಉತ್ತರಿಸುವ ಹೊಣೆ ಕೊಡಿ, ಮತ್ತು ಆ ಅರ್ಧ ಗಂಟೆಯನ್ನು ದುಡಿಮೆಯ ಲೆಕ್ಕದಲ್ಲಿ ಸೇರಿಸಿ.

ಮಾರಾಟವನ್ನು ವಾಟ್ಸ್‌ಆ್ಯಪ್‌ಗೆ ತನ್ನಿ. 2018ರಿಂದ ಸಿಗುತ್ತಿರುವ ವಾಟ್ಸ್‌ಆ್ಯಪ್ ಬಿಸಿನೆಸ್ ಎಂಬ ಉಚಿತ ಆ್ಯಪ್‌ನಲ್ಲಿ ಪ್ರತಿ ತಿನಿಸಿನ ಚಿತ್ರ, ತೂಕ, ಬೆಲೆಗಳ ಪಟ್ಟಿಯನ್ನು ಇಡಬಹುದು. ಒಂದೇ ಸಂದೇಶವನ್ನು ಹಲವರಿಗೆ ಕಳುಹಿಸುವ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ಹೋಗುತ್ತದೆ. ಹಾಗಾಗಿ ಪ್ರತಿ ಪ್ಯಾಕೆಟ್ಟಿನ ಒಳಗೆ ‘ಈ ಸಂಖ್ಯೆಯನ್ನು ಉಳಿಸಿಕೊಳ್ಳಿ, ಮುಂದಿನ ಹಂಗಾಮಿಗೆ ತಿಳಿಸುತ್ತೇವೆ’ ಎಂಬ ಚೀಟಿ ಹಾಕಿ. ಹೀಗೆ ಸೇರಿದ ಇನ್ನೂರು ಗಿರಾಕಿಗಳು ಆ ಮೂರು ಸಾವಿರ ಲೈಕಿಗಿಂತ ಭಾರವಾಗಿ ತೂಗುತ್ತಾರೆ. ಹಂಗಾಮಿನ ವಿಚಾರವನ್ನೂ ಮರೆಯಬೇಡಿ. ನೀವು ಹಪ್ಪಳ ಮಾಡುವುದು ಏಪ್ರಿಲ್-ಮೇ ಬಿಸಿಲಿನಲ್ಲಿ. ಪೇಟೆಯಲ್ಲಿ ಕೂತವರ ನಾಲಿಗೆ ಅದನ್ನು ಬೇಡುವುದು ಜೂನ್ ತಿಂಗಳಲ್ಲಿ ಮಳೆ ಹಿಡಿದಾಗ. ವಿಡಿಯೊವನ್ನು ಬಿಸಿಲಿನಲ್ಲಿ ತೆಗೆದಿಟ್ಟುಕೊಂಡು ಮಳೆ ಬಂದ ದಿನ ಹಾಕಿ.

ಹಣ ಕಟ್ಟಿ ‘ಬೂಸ್ಟ್’ ಮಾಡಬೇಕೇ ಎಂದರೆ, ವರ್ಷಕ್ಕೆ ಒಂದೆರಡು ಸಲ, ಚೆನ್ನಾಗಿ ಓಡಿದ ಪೋಸ್ಟಿಗೆ ಮಾತ್ರ ಮಾಡಿ. ನೋಡುವವರ ಊರು, ವಯಸ್ಸು, ದಿನದ ಖರ್ಚಿನ ಮಿತಿಯನ್ನು ನೀವೇ ಗೊತ್ತುಮಾಡಬಹುದು. ಶಿರಸಿಯವರಿಗೇ ಹಲಸಿನ ಹಪ್ಪಳದ ಜಾಹೀರಾತು ತೋರಿಸುವುದು ಕಡಲಿಗೆ ಉಪ್ಪು ಹೊತ್ತಂತೆ. ಬೆಂಗಳೂರು, ಹುಬ್ಬಳ್ಳಿಗಳನ್ನು ಆರಿಸಿಕೊಳ್ಳಿ. ಕಟ್ಟುವ ಹಣದ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ ಎಂಬುದು ಲೆಕ್ಕದಲ್ಲಿರಲಿ. ಕೊನೆಯದಾಗಿ, ಪ್ಯಾಕೆಟ್ಟಿನ ಚಿತ್ರದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕೆಗಳ ಸಂಖ್ಯೆ ಕಾಣುವಂತಿರಲಿ, ಮತ್ತು ನಿಮ್ಮ ಪುಟದಲ್ಲಿರುವ ‘ಸಕ್ಕರೆ ಕಾಯಿಲೆಗೆ ರಾಮಬಾಣ’ ಎಂಬ ಸಾಲನ್ನು ದಯವಿಟ್ಟು ಇಂದೇ ತೆಗೆದುಹಾಕಿ. ಎಣ್ಣೆಯಲ್ಲಿ ಕರಿದ ಹಪ್ಪಳಕ್ಕೆ ಆ ಮಾತು ಒಪ್ಪುವುದಿಲ್ಲ, ಕಾನೂನೂ ಒಪ್ಪುವುದಿಲ್ಲ.

ಪ್ರಶ್ನೆ: ಸಂಸ್ಥೆಯೊಂದು ಖರ್ಚಿಲ್ಲದೆ, ಜನರೇ ತನ್ನ ಪ್ರಚಾರ ಮಾಡುವಂತೆ ಮಾಡಿಕೊಳ್ಳಬಹುದೇ? ನಂದಿನಿಯ ವಿಷಯದಲ್ಲಿ ಹಾಗೆಯೇ ಆಯಿತಲ್ಲವೇ?
— ವಾಣಿಜ್ಯ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಆಯಿತು ನಿಜ, ಆದರೆ ಅದನ್ನು ನಂದಿನಿ ಮಾಡಿಕೊಂಡದ್ದಲ್ಲ. 2023ರ ಏಪ್ರಿಲ್ 5ರಂದು, ಬೆಂಗಳೂರಿಗೆ ತನ್ನ ಹಾಲು ಮತ್ತು ಮೊಸರು ಬರಲಿದೆ ಎಂದು ಅಮುಲ್ ಟ್ವಿಟರ್‌ನಲ್ಲಿ ಒಂದು ಸಾಮಾನ್ಯ ವ್ಯಾಪಾರಿ ಪ್ರಕಟಣೆ ಹಾಕಿತು. ಮೇ 10ರ ವಿಧಾನಸಭಾ ಚುನಾವಣೆಗೆ ತಿಂಗಳಷ್ಟೇ ಉಳಿದಿತ್ತು. ಒಂದೆರಡು ದಿನಗಳಲ್ಲಿ ‘ಸೇವ್ ನಂದಿನಿ’, ‘ಗೋ ಬ್ಯಾಕ್ ಅಮುಲ್’ ಎಂಬ ಹ್ಯಾಷ್‌ಟ್ಯಾಗ್‌ಗಳು ಹರಿದಾಡಿದವು; ಪಕ್ಷಗಳು ಮಾತಿಗಿಳಿದವು; ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘವು ತಾವು ನಂದಿನಿಯ ಹಾಲನ್ನೇ ಬಳಸುವುದಾಗಿ ಹೇಳಿತು. ಗಮನಿಸಬೇಕಾದದ್ದು, ಎದುರಾಳಿ ಸಂಸ್ಥೆಯ ಒಂದು ಪ್ರಚಾರದ ಸಾಲೇ ಈ ಕಿಡಿಗೆ ಕಾರಣವಾದದ್ದು. 1966ರಿಂದ ಚುಕ್ಕಿ ಲಂಗದ ಹುಡುಗಿಯನ್ನು ಮುಂದಿಟ್ಟುಕೊಂಡು ದಿನದ ಸುದ್ದಿಯ ಮೇಲೆ ಚುಟುಕು ಹಾಸ್ಯ ಮಾಡುತ್ತ, ಫಲಕಗಳಿಂದ ಫೋನಿನ ಪರದೆಗೆ ಸಲೀಸಾಗಿ ದಾಟಿದ, ಪ್ರಚಾರದಲ್ಲಿ ಪಳಗಿದ ಸಂಸ್ಥೆಯೂ ಹೊತ್ತು ಮತ್ತು ಊರಿನ ಲೆಕ್ಕ ತಪ್ಪಿದರೆ ಹೀಗಾಗುತ್ತದೆ.

ನಂದಿನಿಯನ್ನು ಮಾರುವ ಕರ್ನಾಟಕ ಹಾಲು ಮಹಾಮಂಡಳದ, ಅಂದರೆ ಕೆಎಂಎಫ್‌ನ ಬೇರು 1974ಕ್ಕೆ ಹೋಗುತ್ತದೆ. ಅಂದಿನಿಂದ ಹಳ್ಳಿಯ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರು, ಪೇಟೆಯಲ್ಲಿ ಬೆಳಿಗ್ಗೆ ಐದೂವರೆಗೆ ಬೂತಿನ ಮುಂದೆ ನಿಂತವರು ಕಟ್ಟಿಕೊಟ್ಟ ನಂಟು ಆ ದಿನ ಮಾತಾಯಿತು. ಅಂಥದ್ದನ್ನು ಯಾವ ಜಾಹೀರಾತು ಸಂಸ್ಥೆಯೂ ಒಂದು ವಾರದಲ್ಲಿ ಹುಟ್ಟಿಸಲಾರದು. ಆದರೆ ಇರುವ ನಂಟನ್ನು ಬಳಸಿಕೊಳ್ಳುವ ಜಾಣತನವನ್ನು ಮರುವರ್ಷ ಕೆಎಂಎಫ್ ತೋರಿತು. 2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳ ಪ್ರಾಯೋಜಕತ್ವ ವಹಿಸಿತು. ಸ್ಕಾಟ್ಲೆಂಡಿನ ಆಟಗಾರನ ಅಂಗಿಯ ಮೇಲೆ ನಂದಿನಿ ಎಂಬ ಹೆಸರು ಕಂಡ ಕನ್ನಡಿಗರು ಆ ಚಿತ್ರವನ್ನು ತಾವಾಗಿಯೇ ಹಂಚಿದರು. ದೊಡ್ಡ ತಂಡಕ್ಕೆ ಹಣ ಸುರಿದಿದ್ದರೆ ಅಷ್ಟು ಮಾತಾಗುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ.

ಪ್ರಶ್ನೆ: ಪೊಲೀಸರು ಮತ್ತು ಸರ್ಕಾರಿ ಇಲಾಖೆಗಳು ಮೀಮ್ ಹಾಕಿ ನಗಿಸುವುದು ಆ ಸ್ಥಾನದ ಘನತೆಗೆ ತಕ್ಕದ್ದೇ?
— ನಿವೃತ್ತ ಉಪಾಧ್ಯಾಯರು, ಮೈಸೂರು

ಉತ್ತರ: ಮೇಷ್ಟ್ರೇ, ತರಗತಿಯಲ್ಲಿ ನಗಿಸುವ ಮೇಷ್ಟರ ಪಾಠ ಹೆಚ್ಚು ನೆನಪಿರುತ್ತದೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಬೆಂಗಳೂರು ನಗರ ಪೊಲೀಸರ ಖಾತೆ ಈ ದಾರಿಯನ್ನು ಮೊದಲೇ ಹಿಡಿದವುಗಳಲ್ಲಿ ಒಂದು. 2015ರ ಡಿಸೆಂಬರಿನಲ್ಲಿ ಟ್ವಿಟರ್‌ಗೆ ಬಂದ ಮುಂಬೈ ಪೊಲೀಸರು ಅದನ್ನೇ ಇನ್ನಷ್ಟು ಬೆಳೆಸಿದರು. ಹೆಲ್ಮೆಟ್ ಹಾಕಿ, ಕುಡಿದು ವಾಹನ ಓಡಿಸಬೇಡಿ, ಒಟಿಪಿ ಹೇಳಬೇಡಿ ಎಂಬ ಮಾತುಗಳನ್ನು ಸುತ್ತೋಲೆಯ ಭಾಷೆಯಲ್ಲಿ ಹೇಳಿದರೆ ಹದಿನೆಂಟರ ಹುಡುಗ ಓದುವುದಿಲ್ಲ; ಅವನಿಗೆ ಗೊತ್ತಿರುವ ಹಾಸ್ಯದ ಮೂಲಕ ಹೇಳಿದರೆ ಓದಿ ಗೆಳೆಯನಿಗೂ ಕಳುಹಿಸುತ್ತಾನೆ. 2018ರಲ್ಲಿ ಚಲಿಸುವ ಕಾರಿನಿಂದ ಇಳಿದು ಕುಣಿಯುವ ‘ಕಿಕಿ ಚಾಲೆಂಜ್’ ಹಾವಳಿ ಎದ್ದಾಗ ಹಲವು ನಗರಗಳ ಪೊಲೀಸರು ಅದೇ ಧಾಟಿಯಲ್ಲಿ ಎಚ್ಚರಿಸಿದ್ದರು.

ಆದರೆ ನಿಮ್ಮ ಅಳುಕಿನಲ್ಲಿ ಹುರುಳಿದೆ. ಹಣ ಕಳೆದುಕೊಂಡವರು ದೂರು ಬರೆದ ಜಾಗದಲ್ಲಿ ಜೋಕು ಹೇಳಿದರೆ ಅದು ಗಾಯದ ಮೇಲೆ ಉಪ್ಪು. ಅಲ್ಲಿ ಬೇಕಾದದ್ದು ಸೈಬರ್ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ ಎಂಬ ಒಂದು ನೇರ ಸಾಲು. ಅಲ್ಲದೆ ನಗೆಯಿಲ್ಲದೆಯೂ ಹಂಚಿಕೆಯಾಗುವ ಸರ್ಕಾರಿ ಪೋಸ್ಟ್‌ಗಳಿವೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಮಳೆಗಾಲದಲ್ಲಿ ಹಾಕುವ ನಕ್ಷೆಗಳಲ್ಲಿ ಬಣ್ಣದ ಚೌಕಗಳು ಮತ್ತು ಮಿಲಿಮೀಟರ್ ಲೆಕ್ಕ ಬಿಟ್ಟರೆ ಬೇರೇನಿಲ್ಲ. ಆದರೂ ನಮ್ಮ ಕಡೆಯ ರೈತರ ಗುಂಪುಗಳಲ್ಲಿ ಅದು ಬೆಳಿಗ್ಗೆ ಕಾಫಿಗಿಂತ ಮೊದಲು ಬಂದಿರುತ್ತದೆ.

ಪ್ರಶ್ನೆ: ರಕ್ತದಾನಕ್ಕಾಗಿ ಐಸ್ ಬಕೆಟ್ ಮಾದರಿಯ ‘ಚಾಲೆಂಜ್’ ಮಾಡಬೇಕೆಂದಿದ್ದೇವೆ. ಯಶಸ್ವಿಯಾದೀತೇ?
— ಎನ್‌ಎಸ್‌ಎಸ್ ಸ್ವಯಂಸೇವಕಿ, ತುಮಕೂರು

ಉತ್ತರ: ಮಾಡಿ, ಆದರೆ 2014ರಲ್ಲಿ ಅದು ಏಕೆ ಓಡಿತು ಎಂಬುದನ್ನು ಬಿಡಿಸಿ ನೋಡಿಕೊಂಡು ಮಾಡಿ. ಎಎಲ್‌ಎಸ್ ಎಂಬ ನರರೋಗಕ್ಕಾಗಿ ಅಮೆರಿಕದಲ್ಲಿ ನಡೆದ ಆ ಅಭಿಯಾನದಲ್ಲಿ ಮಾಡಬೇಕಾದ ಕೆಲಸ, ಅಂದರೆ ಒಂದು ಬಕೆಟ್ ಮಂಜುಗಡ್ಡೆಯ ನೀರನ್ನು ತಲೆಯ ಮೇಲೆ ಸುರಿದುಕೊಳ್ಳುವುದು, ಮನೆಯಂಗಳದಲ್ಲಿ ಒಂದು ನಿಮಿಷದ್ದು. ತಣ್ಣೀರು ಸುರಿದುಕೊಂಡವರು ಮುಂದಿನವರನ್ನು ಹೆಸರು ಹಿಡಿದು ಕರೆಯಬೇಕಿತ್ತು. ಕರೆಸಿಕೊಂಡವರಿಗೆ 24 ಗಂಟೆಗಳ ಗಡುವಿತ್ತು. ಹೆಸರು ಹಿಡಿದು ಕರೆದರೆ ನುಣುಚಿಕೊಳ್ಳುವುದು ಕಷ್ಟ. ಎಎಲ್‌ಎಸ್ ಅಸೋಸಿಯೇಷನ್ನಿಗೆ 11.5 ಕೋಟಿ ಡಾಲರ್ ದೇಣಿಗೆ ಸೇರಿತು. ಆ ಹಣದ ನೆರವಿನಿಂದ ನಡೆದ ಸಂಶೋಧನೆಯಲ್ಲಿ ರೋಗಕ್ಕೆ ಸಂಬಂಧಿಸಿದ ಎನ್‌ಇಕೆ1 ಎಂಬ ವಂಶವಾಹಿಯ ಪಾತ್ರ ಗೊತ್ತಾಯಿತು ಎಂದು 2016ರಲ್ಲಿ ಪ್ರಕಟವಾಯಿತು. ರಕ್ತದಾನ ಮನೆಯಂಗಳದಲ್ಲಿ ಆಗುವುದಿಲ್ಲ. ಆದ್ದರಿಂದ ನಿಮ್ಮ ಸವಾಲಿನಲ್ಲಿ ರಕ್ತನಿಧಿಯ ವಿಳಾಸ, ಸಮಯ ಮತ್ತು ಹೋಗಲು ವಾಹನದ ಏರ್ಪಾಡು ಇರಲೇಬೇಕು. ಇಲ್ಲದಿದ್ದರೆ ವಿಡಿಯೊ ಉಳಿಯುತ್ತದೆ, ರಕ್ತ ಸೇರುವುದಿಲ್ಲ.

ಪ್ರಶ್ನೆ: ನಮ್ಮ ಪತ್ತಿನ ಸಹಕಾರ ಸಂಘದ ಪುಟಕ್ಕೆ ಹತ್ತು ಸಾವಿರ ಫಾಲೋವರ್‌ಗಳನ್ನು ಕೊಡಿಸುತ್ತೇವೆ, ಹೆಸರಾಂತ ರೀಲ್ಸ್ ಹುಡುಗನೊಬ್ಬನಿಂದ ಹೊಗಳಿಸುತ್ತೇವೆ ಎಂದು ಒಬ್ಬರು ಬಂದಿದ್ದಾರೆ. ನಿರ್ದೇಶಕರಿಗೆ ಆಸೆ ಹುಟ್ಟಿದೆ.
— ಸಂಘದ ನೌಕರ, ದಾವಣಗೆರೆ ಜಿಲ್ಲೆ

ಉತ್ತರ: ಮೊದಲನೆಯದಕ್ಕೆ ಒಂದೇ ಮಾತು: ಬೇಡ. ಕೊಂಡು ತಂದ ಹಿಂಬಾಲಕರು ಠೇವಣಿ ಇಡುವುದಿಲ್ಲ, ಸಾಲ ಕೇಳುವುದಿಲ್ಲ, ಪೋಸ್ಟ್ ನೋಡುವುದೂ ಇಲ್ಲ. ನೋಡದ ಜನ ಹೆಚ್ಚಾದಷ್ಟೂ, ಇದು ಯಾರಿಗೂ ಬೇಡವಾದ ಪುಟ ಎಂದು ಜಾಲತಾಣದ ಲೆಕ್ಕಾಚಾರ ತೀರ್ಮಾನಿಸುತ್ತದೆ.

ಎರಡನೆಯದು ಕಾನೂನಿನ ವಿಷಯ. ಹಣವನ್ನೋ ಉಡುಗೊರೆಯನ್ನೋ ಪಡೆದು ಹೊಗಳುವವನು ಅದನ್ನು ಎದ್ದು ಕಾಣುವಂತೆ ತಿಳಿಸಬೇಕೆಂದು ಜಾಹೀರಾತು ಮಾನದಂಡಗಳ ಮಂಡಳಿಯು 2021ರಲ್ಲಿಯೇ ನಿಯಮ ಮಾಡಿತು. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿಗಳು ಬಂದವು. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಹೊಗಳಿದವನನ್ನು ಒಂದು ವರ್ಷ, ಮರುಕಳಿಸಿದರೆ ಮೂರು ವರ್ಷದವರೆಗೆ ಅಂಥ ಕೆಲಸದಿಂದ ದೂರವಿಡಬಹುದು. ಯಾವ ಭಾಷೆಯಲ್ಲಿ ಹೊಗಳುತ್ತಾರೋ ಅದೇ ಭಾಷೆಯಲ್ಲಿ ಸೂಚನೆಯೂ ಇರಬೇಕೆಂದು ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೇಳಿದೆ. ಎಂದರೆ, ಅಚ್ಚಗನ್ನಡದಲ್ಲಿ ನಿಮ್ಮ ಸಂಘವನ್ನು ಕೊಂಡಾಡಿ ಮೂಲೆಯಲ್ಲಿ ಇಂಗ್ಲಿಷಿನ ಎರಡಕ್ಷರ ಬರೆದರೆ ಸಾಲದು. ‘ಜಾಹೀರಾತು’ ಎಂದು ಕನ್ನಡದಲ್ಲೇ ಕಾಣಬೇಕು. ಹಣಕಾಸಿನ ಸಂಸ್ಥೆಯ ಬಂಡವಾಳವೇ ನಂಬಿಕೆ. ಅದನ್ನು ಕುಣಿಯುವ ಹುಡುಗನ ಕೈಗೆ ಕೊಡುವ ಮುನ್ನ ನಿರ್ದೇಶಕರು ಒಂದು ರಾತ್ರಿ ಮಲಗಿ ಎದ್ದು ಯೋಚಿಸಲಿ.

ಪ್ರಶ್ನೆ: ನಮ್ಮ ಶಾಲೆಯ ವಾರ್ಷಿಕೋತ್ಸವದ ವಿಡಿಯೊ ಹಾಕಿದರೆ ಧ್ವನಿಯೇ ಬಾರದಂತೆ ಮಾಡಿಬಿಡುತ್ತಾರೆ. ಏಕೆ?
— ಮುಖ್ಯೋಪಾಧ್ಯಾಯಿನಿ, ಕೋಲಾರ ಜಿಲ್ಲೆ

ಉತ್ತರ: ಮಕ್ಕಳು ಕುಣಿದದ್ದು ಸಿನಿಮಾ ಹಾಡಿಗೆ, ಹಾಡಿನ ಹಕ್ಕು ಧ್ವನಿಮುದ್ರಣ ಸಂಸ್ಥೆಯದ್ದು. ಯಂತ್ರವೇ ಅದನ್ನು ಗುರುತಿಸಿ ಸದ್ದಡಗಿಸುತ್ತದೆ. ಇದು ದೊಡ್ಡವರನ್ನೂ ಬಿಟ್ಟಿಲ್ಲ. 2022ರ ನವೆಂಬರಿನಲ್ಲಿ, ಭಾರತ್ ಜೋಡೋ ಯಾತ್ರೆಯ ಪ್ರಚಾರದ ವಿಡಿಯೊದಲ್ಲಿ ತನ್ನ ಹಕ್ಕಿನ ಸಿನಿಮಾ ಸಂಗೀತವನ್ನು ಬಳಸಲಾಗಿದೆ ಎಂದು ಎಂಆರ್‌ಟಿ ಮ್ಯೂಸಿಕ್ ದಾವೆ ಹೂಡಿದಾಗ, ಬೆಂಗಳೂರಿನ ವಾಣಿಜ್ಯ ನ್ಯಾಯಾಲಯವು ಕಾಂಗ್ರೆಸ್ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಾತ್ಕಾಲಿಕವಾಗಿ ತಡೆಹಿಡಿಯಲು ಆದೇಶಿಸಿತ್ತು. ಆಕ್ಷೇಪಕ್ಕೊಳಗಾದದ್ದನ್ನು ತೆಗೆಯಬೇಕೆಂಬ ಷರತ್ತಿನೊಂದಿಗೆ ಹೈಕೋರ್ಟ್ ಆ ಆದೇಶವನ್ನು ಬದಿಗಿಟ್ಟಿತು. ಇನ್‌ಸ್ಟಾಗ್ರಾಂನಲ್ಲಿ ಸಾಮಾನ್ಯ ಖಾತೆಗೆ ಸಿಗುವ ಹಲವು ಹಾಡುಗಳೂ ವ್ಯವಹಾರದ ಖಾತೆಗೆ ಸಿಗುವುದಿಲ್ಲ.

ನಿಮ್ಮ ಜಿಲ್ಲೆಯಲ್ಲಿ ಜನಪದ ಹಾಡುಗಳಿಗೆ ಬರವಿಲ್ಲ. ಮಕ್ಕಳೇ ಹಾಡಲಿ, ಒಬ್ಬ ತಮಟೆ ಬಡಿಯಲಿ; ಆ ಧ್ವನಿ ನಿಮ್ಮದೇ ಆಗಿರುತ್ತದೆ. ಮಕ್ಕಳ ಮುಖ ಕಾಣುವ ವಿಡಿಯೊಗೆ ಪೋಷಕರಿಂದ ಬರಹದಲ್ಲಿ ಒಪ್ಪಿಗೆ ಪಡೆದಿಟ್ಟುಕೊಳ್ಳಿ. ಹದಿನೆಂಟರೊಳಗಿನವರ ವೈಯಕ್ತಿಕ ಮಾಹಿತಿಯ ಬಗ್ಗೆ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಕಟ್ಟುನಿಟ್ಟಾಗಿದೆ.

ಪ್ರಶ್ನೆ: ಎರಡು ಸಂಶಯಗಳು. ನಮ್ಮ ಯಕ್ಷಗಾನ ಸಂಘದ ಪುಟದಲ್ಲಿ ಯಾರಾದರೂ ಬೈದು ಬರೆದರೆ ಅಳಿಸಬಹುದೇ? ಇನ್ನೊಂದು, ಪುಟ ತೆರೆದುಕೊಟ್ಟ ಹುಡುಗ ದುಬೈಗೆ ಹೋಗಿದ್ದಾನೆ, ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತು.
— ಸಂಘದ ಕಾರ್ಯದರ್ಶಿ, ಕುಂದಾಪುರ ತಾಲ್ಲೂಕು

ಉತ್ತರ: ಹೊಲಸು ಬೈಗುಳ, ಜಾತಿ ನಿಂದನೆ, ಬೆದರಿಕೆಗಳನ್ನು ಅಳಿಸಿ; ದೂರನ್ನು ಅಳಿಸಬೇಡಿ. ಇದನ್ನು ನಾನು ಕೆಟ್ಟು ಕಲಿತದ್ದು. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯ ಪುಟವನ್ನು ನೋಡಿಕೊಳ್ಳುತ್ತಿದ್ದೆ. ನಮ್ಮ ಕಾರ್ಯಕ್ರಮಕ್ಕೆ ಬಂದಿದ್ದ ಹಿರಿಯರೊಬ್ಬರು, ಸಭಾಂಗಣದ ಶೌಚಾಲಯಕ್ಕೆ ಬೀಗ ಹಾಕಿತ್ತು, ಮಧುಮೇಹವಿರುವ ನಾನು ಅರ್ಧಕ್ಕೇ ಎದ್ದು ಹೋಗಬೇಕಾಯಿತು ಎಂದು ಬರೆದರು. ಸಮಾರಂಭದ ಚೆಂದದ ಚಿತ್ರಗಳ ಕೆಳಗೆ ಅದು ಕಣ್ಣಿಗೆ ಚುಚ್ಚುತ್ತಿತ್ತು. ಹತ್ತು ನಿಮಿಷದಲ್ಲಿ ಅಳಿಸಿದೆ. ಅವರ ಮೊಮ್ಮಗಳು ಅಷ್ಟರಲ್ಲಿ ಸ್ಕ್ರೀನ್‌ಶಾಟ್ ತೆಗೆದುಕೊಂಡಿದ್ದಳು. ಸಂಜೆಯ ಹೊತ್ತಿಗೆ ಊರಿನ ಗುಂಪುಗಳಲ್ಲೆಲ್ಲ ಬೀಗದ ಸುದ್ದಿಯ ಜೊತೆಗೆ ಅಳಿಸಿದ ಸುದ್ದಿಯೂ ಓಡಾಡಿತು, ಎರಡನೆಯದೇ ಜೋರಾಗಿ. ಮರುದಿನ ‘ತಪ್ಪಾಯಿತು, ಬೀಗದ ಕೈ ಕಾವಲುಗಾರರ ಬಳಿ ಉಳಿದಿತ್ತು, ಮುಂದಿನ ಸಲ ಬಾಗಿಲು ತೆರೆದಿರುತ್ತದೆ’ ಎಂದು ಬರೆದು ಅವರ ಮನೆಗೂ ಹೋಗಿ ಬಂದೆ. ಮೊದಲ ದಿನವೇ ಆ ಎರಡು ಸಾಲು ಬರೆದಿದ್ದರೆ ಸಾಕಾಗುತ್ತಿತ್ತು.

ದುಬೈನ ಹುಡುಗನ ವಿಷಯ ಇದಕ್ಕಿಂತ ತುರ್ತಿನದು. ಅವನ ಫೋನು ಕಳೆದರೆ, ಖಾತೆ ಯಾರಾದರೂ ಕದ್ದರೆ ನಿಮ್ಮ ಸಂಘದ ಹೆಸರು ಬೇರೆಯವರ ಕೈಯಲ್ಲಿರುತ್ತದೆ. ಪಾಸ್‌ವರ್ಡ್ ಕೇಳುವುದು ಬೇಡ. ನಿಮ್ಮನ್ನೂ ಸಂಘದ ಇನ್ನೊಬ್ಬರನ್ನೂ ಪುಟದ ಪೂರ್ಣ ನಿಯಂತ್ರಣವಿರುವ ಅಡ್ಮಿನ್‌ಗಳಾಗಿ ಸೇರಿಸಲು ಹೇಳಿ. ಯಾರು ಯಾರು ಅಡ್ಮಿನ್ ಎಂಬುದನ್ನು ಸಂಘದ ನಡಾವಳಿ ಪುಸ್ತಕದಲ್ಲಿ, ಬ್ಯಾಂಕ್ ಖಾತೆಗೆ ಸಹಿ ಮಾಡುವವರ ಹೆಸರು ಬರೆದಿಟ್ಟ ಹಾಗೆಯೇ, ಬರೆದಿಡಿ; ಪದಾಧಿಕಾರಿಗಳು ಬದಲಾದಾಗ ಇದನ್ನೂ ಬದಲಿಸಿ. ಇವತ್ತೇ ಫೋನು ಮಾಡಿ. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ನೀವು ರಾತ್ರಿ ಒಂಬತ್ತಕ್ಕೆ ಮಾಡಿದರೆ ಅವನಿಗೆ ಏಳೂವರೆ, ಕೆಲಸ ಮುಗಿಸಿ ಕೋಣೆಗೆ ಬಂದಿರುತ್ತಾನೆ.